ಬೈಂಡಿಂಗ್ ಜಿಗ್: ರೌಟರ್‌ಗಿಂತ ತೊಟ್ಟಿಲೇ ಮುಖ್ಯ

ಅಕೌಸ್ಟಿಕ್ ಗಿಟಾರ್‌ಗೆ ಬೈಂಡಿಂಗ್ ಪಟ್ಟಿ (ಬಾಡಿಯ ಅಂಚನ್ನು ಮುಚ್ಚುವ ತೆಳು ಪಟ್ಟಿ) ಕೂರಿಸಬೇಕು ಅಂದರೆ ಅಂಚಿನ ಸುತ್ತಲೂ ಒಂದು ಕಚ್ಚು ಹೊಡೆಯಬೇಕು. ಎತ್ತರ ಸುಮಾರು 6 ಮಿಮೀ, ಒಳಕ್ಕೆ 1.5ರಿಂದ 2.3 ಮಿಮೀ. ಟ್ರಿಮ್ ರೌಟರ್‌ಗೆ (ಅಂಚು ಕೊರೆಯುವ ಸಣ್ಣ ಕೈಯಂತ್ರ) ಬೇರಿಂಗ್ ಇರುವ ಬಿಟ್, ಅಂದರೆ ಪಕ್ಕಕ್ಕೆ ತಾಗಿ ಉರುಳುವ ಚಕ್ರವಿರುವ ಕೊರೆಯುವ ಅಲಗು, ಹಾಕಿ ಒಂದು ಸುತ್ತು ಬಂದರೆ ಮುಗೀತು, ಅಲ್ವಾ? ಎಲೆಕ್ಟ್ರಿಕ್ ಗಿಟಾರ್‌ನ ಚಪ್ಪಟೆ ಬಾಡಿಗೆ ನಿಜಕ್ಕೂ ಅಷ್ಟೇ. ಅಕೌಸ್ಟಿಕ್‌ನಲ್ಲಿ ಹಾಗೆ ನಡೆಯೋದಿಲ್ಲ.

ಅದರ ಬೆನ್ನು ಉಬ್ಬಿರುತ್ತದೆ. ಹೆಚ್ಚಿನವರು ಬೆನ್ನಿಗೆ 15 ಅಡಿ ತ್ರಿಜ್ಯದ ಉಬ್ಬು ಕೊಡುತ್ತಾರೆ, ಮುಂಭಾಗಕ್ಕೆ 25 ಅಡಿ ಅಥವಾ ಇನ್ನೂ ಜಾಸ್ತಿ. ದೊಡ್ಡ ಬಾಡಿಯಲ್ಲಿ ನಡುಗೆರೆಯಿಂದ ಅಂಚಿಗೆ ಹತ್ತಿರ ಹತ್ತಿರ 200 ಮಿಮೀ ಬರುತ್ತದೆ. ಅಲ್ಲಿ ಬೆನ್ನು ಸುಮಾರು ಎರಡೂವರೆ ಡಿಗ್ರಿ ಇಳಿದಿರುತ್ತದೆ. ರೌಟರ್ ತಳವನ್ನು ಆ ಇಳಿಜಾರಿನ ಮೇಲೆ ಇಟ್ಟರೆ ಬಿಟ್ ಕೂಡ ಅಷ್ಟೇ ವಾಲುತ್ತದೆ. 6 ಮಿಮೀ ಎತ್ತರದಲ್ಲಿ ಅದು ಕಾಲು ಮಿಮೀ ವ್ಯತ್ಯಾಸ. ಬೈಂಡಿಂಗ್ ಹಿಂದೆ ಕಾಲು ಮಿಮೀ ಸಂದಿ ಅಂದರೆ ಪಾಲಿಶ್ ಆದ ಮೇಲೆ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಬೆಣೆ ಕೊಟ್ಟು ರೌಟರ್ ವಾಲಿಸೋಣ ಅಂದರೆ ಅದೂ ಆಗದು. ನಡು ಕಿರಿದಾಗುವ ಕಡೆ ಇಳಿಜಾರು ಎರಡು ಡಿಗ್ರಿಗೂ ಕಡಿಮೆ. ಅಂಚಿನುದ್ದಕ್ಕೂ ಕೋನ ಬದಲಾಗುತ್ತಲೇ ಇರುತ್ತದೆ.

ಹಾಗಾಗಿ ಜಿಗ್, ಅಂದರೆ ರೌಟರ್ ಮತ್ತು ಗಿಟಾರನ್ನು ಹಿಡಿದಿಡುವ ಚೌಕಟ್ಟು, ಮಾಡಬೇಕಾದ ಕೆಲಸ ಒಂದೇ. ಮೇಲೆ ಏನೇ ಉಬ್ಬಿರಲಿ, ಬಿಟ್ ಯಾವಾಗಲೂ ಗಿಟಾರ್‌ನ ಪಕ್ಕಕ್ಕೆ ಸಮಾನಾಂತರವಾಗಿ ನಿಂತಿರಬೇಕು.

ನಾನು ಮಾಡಿಕೊಂಡಿದ್ದು ಕಂಬದ ಜಿಗ್. ದಪ್ಪ ಪ್ಲೈವುಡ್‌ನ ಕಂಬ, ಅದಕ್ಕೆ ಎರಡು ಡ್ರಾಯರ್ ಚಾನೆಲ್ ನೇರ ನಿಲ್ಲಿಸಿ ಬಡಿದದ್ದು, ಅದರ ಮೇಲೆ ಜಾರುವ ಹಲಗೆ, ಹಲಗೆಯಿಂದ ಮುಂದಕ್ಕೆ ಚಾಚಿದ ಹಿಡಿಕೆಯಲ್ಲಿ ಟ್ರಿಮ್ ರೌಟರ್. ರೌಟರ್ ಮೇಲೆ ಕೆಳಗೆ ಮಾತ್ರ ಹೋಗುತ್ತದೆ. ಗಿಟಾರ್ ಬಾಡಿ ಒಂದು ತೊಟ್ಟಿಲಲ್ಲಿ ಕೂತು ಮೇಜಿನ ಮೇಲೆ ಸುತ್ತ ಜಾರುತ್ತದೆ. ಬಿಟ್ ಕಂಬದಿಂದ ಎಷ್ಟು ಮುಂದಿರಬೇಕು ಅನ್ನೋದನ್ನು ಮೊದಲೇ ಅಳೆದುಕೊಳ್ಳಿ. ನಡುವಿನ ತಗ್ಗನ್ನು ಕೊರೆಯುವಾಗ ಎರಡೂ ಕಡೆಯ ಉಬ್ಬು ಕಂಬದ ಕಡೆಗೆ ಚಾಚಿಕೊಂಡು ಬರುತ್ತದೆ. ನನ್ನದರಲ್ಲಿ 120 ಮಿಮೀ ಇದೆ, ಎಲ್ಲೂ ತಾಗೋದಿಲ್ಲ. ಸುಮ್ನೆ ಇರಲಿ ಅಂತ 200 ಮಾಡಬೇಡಿ. ಚಾಚು ಉದ್ದವಾದಷ್ಟೂ ಚಾನೆಲ್‌ನ ಸಣ್ಣ ಅಲುಗಾಟವೂ ಬಿಟ್‌ನ ತುದಿಯಲ್ಲಿ ದೊಡ್ಡದಾಗುತ್ತದೆ.

ಅಲುಗಾಟ ನೋಡೋದು ಸುಲಭ. ರೌಟರ್ ಪ್ಲಗ್ ತೆಗೆದು, ಬಿಟ್ ಬದಲು ಒಂದು ಉದ್ದನೆಯ ನೆಟ್ಟಗಿನ ಉಕ್ಕಿನ ಸರಳು ಹಾಕಿ ಬಿಗಿ ಮಾಡಿ. ಸರಳಿನ ತುದಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ. ಟಿಕ್ ಟಿಕ್ ಅಂದರೆ ಚಾನೆಲ್ ಲೂಸು. ಎರಡು ಚಾನೆಲ್‌ಗಳ ಅಂತರವನ್ನು ಕೂದಲೆಳೆಯಷ್ಟು ಬಿಗಿ ಮಾಡಿದರೆ ಆ ಸದ್ದು ಹೋಗುತ್ತದೆ. ಜಾಸ್ತಿ ಮಾಡಿದರೆ ಹಲಗೆ ಜಾರದೆ ತಡೆಯುತ್ತದೆ. ಅದೇ ಸರಳಿಗೆ ಮೂಲೆಮಟ್ಟ ಹಿಡಿದು ಮೇಜಿಗೆ 90 ಡಿಗ್ರಿ ಇದೆಯಾ ನೋಡಿ, ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ವ್ಯತ್ಯಾಸ ಇದ್ದರೆ ರೌಟರ್ ಹಿಡಿಕೆಯ ಹಿಂದೆ ತೆಳು ತಗಡೋ ಕಾಗದವೋ ಕೊಡಿ.

ಇನ್ನು ಪಾದ. ಬಿಟ್‌ನ ಪಕ್ಕದಲ್ಲೇ ಗಿಟಾರ್ ಮೇಲೆ ಕೂರುವ ಸಣ್ಣ ಬಳೆ ಇದು. ಕಚ್ಚಿನ ಎತ್ತರ ತೀರ್ಮಾನವಾಗೋದು ಇಲ್ಲೇ. ಪಾದ ಅಗಲವಾದರೆ ಅಂಚು ಬಿಟ್ಟು ಒಳಗಿನ ಉಬ್ಬಿನ ಮೇಲೆ ಕೂರುತ್ತದೆ, ಬಿಟ್ ಮೇಲೇಳುತ್ತದೆ, ಕಚ್ಚು ಕುಳ್ಳಾಗುತ್ತದೆ. ನನ್ನ ಬಳೆ ಅಕ್ರಿಲಿಕ್‌ನದು, ಕೆಳಗಿನ ಅಂಚು ದುಂಡಗೆ ಉಜ್ಜಿ ಮೇಣ ಸವರಿದ್ದೇನೆ.

ರೌಟರ್, ಹಲಗೆ, ಹಿಡಿಕೆ ಎಲ್ಲ ಸೇರಿ ಎರಡೂವರೆ ಕಿಲೋ ತೂಗುತ್ತವೆ. ಅಷ್ಟೂ ಭಾರ ಮುಂಭಾಗದ ಸ್ಪ್ರೂಸ್ ಮರದ ಮೇಲೆ ಬಿದ್ದರೆ ಪಾದದ ಗುರುತು ಒತ್ತಿಕೊಳ್ಳುತ್ತದೆ, ಅಷ್ಟು ಮೆತ್ತಗಿನ ಮರ ಅದು. ಕಂಬದ ತುದಿಗೆ ರಾಟೆ ಹಾಕಿ, ಹಗ್ಗದ ಆಚೆ ತುದಿಗೆ ಭಾರ ಕಟ್ಟಿದ್ದೇನೆ. ಎಷ್ಟು ಕಟ್ಟಬೇಕು ಅಂತ ಅಂದಾಜು ಮಾಡುವ ಬದಲು ಪಾದದ ಕೆಳಗೆ ಅಡುಗೆಮನೆ ತಕ್ಕಡಿ ಇಟ್ಟು ನೋಡಿದೆ. 300ರಿಂದ 400 ಗ್ರಾಂ ತೋರಿಸಿದರೆ ನನಗೆ ಸಾಕು. ಅದಕ್ಕಿಂತ ಕಡಿಮೆ ಆದರೆ ಪಾದ ಕುಣಿಯುತ್ತದೆ. ವ್ಯಾಕ್ಯೂಮ್ ಪೈಪನ್ನು ಮೇಲಿನಿಂದ ಸಡಿಲವಾಗಿ ಇಳಿಬಿಡಿ, ಇಲ್ಲದಿದ್ದರೆ ಅದು ರೌಟರನ್ನು ಎಳೆದು ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಇಷ್ಟೆಲ್ಲ ಕಂಬದ ಕಥೆ. ಜಿಗ್ ಚಿತ್ರ ಹಾಕುವವರೆಲ್ಲ ಕಂಬವನ್ನೇ ತೋರಿಸುತ್ತಾರೆ, ತೊಟ್ಟಿಲಿನ ಕಡೆ ಯಾರೂ ತಿರುಗಿ ನೋಡೋದಿಲ್ಲ. ನನ್ನ ಪ್ರಕಾರ ಕಚ್ಚು ನೆಟ್ಟಗೆ ಬರೋದು ಬಿಡೋದು ತೊಟ್ಟಿಲ ಕೈಯಲ್ಲಿದೆ. ಗಿಟಾರ್ ಬಾಡಿಯ ಆಳ ಎಲ್ಲ ಕಡೆ ಒಂದೇ ಅಲ್ಲ. ಬಾಲದ ಕಡೆ ಜಾಸ್ತಿ, ಕತ್ತಿನ ಕಡೆ ಕಡಿಮೆ. ಬೆನ್ನನ್ನು ಮಟ್ಟ ಮಾಡಿ ಕೂರಿಸಿದರೆ ಪಕ್ಕ ವಾಲಿರುತ್ತದೆ, ಬಿಟ್ ಎಷ್ಟೇ ನೆಟ್ಟಗಿದ್ದರೂ ಪ್ರಯೋಜನ ಇಲ್ಲ. ಮೇಜಿಗೆ ನೆಟ್ಟಗೆ ನಿಲ್ಲಿಸಬೇಕಾದ್ದು ಪಕ್ಕವನ್ನು. ಬೆನ್ನು ಹೇಗೆ ಬೇಕಾದರೂ ಇಳಿಯಲಿ, ಅದಕ್ಕೇ ತಾನೇ ರೌಟರ್ ಮೇಲೆ ಕೆಳಗೆ ಆಡುವ ಹಾಗೆ ಮಾಡಿದ್ದು?

ನನ್ನ ತೊಟ್ಟಿಲಿಗೆ ನಾಲ್ಕು ಕಾಲು, ನಾಲ್ಕಕ್ಕೂ ತಿರುಗಿಸುವ ಬೋಲ್ಟ್, ತುದಿಗೆ ಕಾರ್ಕ್. ಬಾಡಿ ಕೂರಿಸಿ ಸಣ್ಣ ಮೂಲೆಮಟ್ಟವನ್ನು ಮೇಜಿನ ಮೇಲೆ ನಿಲ್ಲಿಸಿ ಪಕ್ಕಕ್ಕೆ ತಾಗಿಸುತ್ತೇನೆ. ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕಿನ ಗೆರೆ ಕಾಣುತ್ತದೆ. ಗೆರೆ ಮೇಲೆ ದಪ್ಪ ಕೆಳಗೆ ಸಣ್ಣ ಇದ್ದರೆ ಆ ಕಡೆಯ ಬೋಲ್ಟ್ ಒಂದು ಚೂರು ತಿರುಗಿಸು, ಮತ್ತೆ ನೋಡು. ಒಂದು ಕಡೆ ಸರಿಯಾದರೆ ಎದುರಿನದು ಕೆಡುತ್ತದೆ. ತಾಳ್ಮೆ ಬೇಕು. ಕೈಯಲ್ಲಿ ಬಗ್ಗಿಸಿದ ಪಕ್ಕ ಎಲ್ಲ ಕಡೆಯೂ ನೂರಕ್ಕೆ ನೂರು ನೆಟ್ಟಗೆ ಇರೋದೂ ಇಲ್ಲ. ಅಗಲದ ಭಾಗ, ನಡು, ಬಾಲ ಇಷ್ಟು ಸರಿ ಬಂದರೆ ಬೋಲ್ಟ್ ಬಿಗಿ ಮಾಡಿ ಮುಂದೆ ಹೋಗುತ್ತೇನೆ. ಅದಕ್ಕೂ ಮೊದಲು ಪಕ್ಕವನ್ನು ಚೆನ್ನಾಗಿ ಉಜ್ಜಿ ನುಣುಪು ಮಾಡಿರಬೇಕು. ಬೇರಿಂಗ್ ಅಲ್ಲಿಯೇ ಉರುಳೋದು, ಒಣಗಿದ ಅಂಟಿನ ಹನಿ ಇದ್ದರೂ ಅದರ ನಕಲು ಕಚ್ಚಿನಲ್ಲಿ ಬರುತ್ತದೆ.

ಬೇರಿಂಗ್ ಲೆಕ್ಕ ಸುಲಭ. ಬಿಟ್‌ನ ವ್ಯಾಸದಿಂದ ಬೇರಿಂಗ್‌ನ ವ್ಯಾಸ ಕಳೆದು ಅರ್ಧ ಮಾಡಿ. 19 ಮಿಮೀ ಬಿಟ್, 15 ಮಿಮೀ ಬೇರಿಂಗ್ ಇದ್ದರೆ 2 ಮಿಮೀ ಕಚ್ಚು. ಮೊದಲು ಎಂಡಿಎಫ್ ಚೂರಿನ ಮೇಲೆ ಹೊಡೆದು, ನಿಜವಾದ ಬೈಂಡಿಂಗ್ ತುಂಡು ಇಟ್ಟು ಉಗುರು ಎಳೆದು ನೋಡುತ್ತೇನೆ. ಬೈಂಡಿಂಗ್ ಕೂದಲೆಳೆಯಷ್ಟು ಹೊರಗಿದ್ದರೆ ಒಳ್ಳೆಯದು, ಆಮೇಲೆ ಕೆರೆದು ಸಮ ಮಾಡಬಹುದು. ಒಳಗೆ ಹೋದರೆ 2 ಮಿಮೀ ದಪ್ಪದ ಪಕ್ಕವನ್ನೇ ಉಜ್ಜಿ ಇಳಿಸಬೇಕಾಗುತ್ತದೆ, ಅದು ಬೇಡ.

ಬೈಂಡಿಂಗ್‌ನ ಒಳಗಡೆ ಪರ್ಫ್ಲಿಂಗ್ (ಅಲಂಕಾರದ ತೆಳು ಪಟ್ಟಿ) ಗೆರೆಯೂ ಇದ್ದರೆ ಅದರ ಅಗಲವಾದ, ಕಡಿಮೆ ಎತ್ತರದ ಕಚ್ಚನ್ನೇ ಮೊದಲು ಹೊಡೆಯಿರಿ. ಬೈಂಡಿಂಗ್ ಕಚ್ಚು ಮೊದಲು ಹೊಡೆದರೆ ಎರಡನೇ ಸುತ್ತಿನಲ್ಲಿ ಬೇರಿಂಗ್‌ಗೆ ಒರಗಲು ಪಕ್ಕವೇ ಸಿಗೋದಿಲ್ಲ, ಆ ಕಚ್ಚಿನೊಳಗೇ ಇಳಿದುಬಿಡುತ್ತದೆ.

ಸ್ಪ್ರೂಸ್‌ನಲ್ಲಿ ಸಿಬಿರು ಏಳೋದು ಇನ್ನೊಂದು ತಲೆನೋವು. ಅಂಚಿಗೆ ಶೆಲ್ಯಾಕ್ (ಅರಗಿನ ವಾರ್ನಿಷ್) ಹಚ್ಚಿ ಒಣಗಿಸಿದರೆ ನಾರು ಗಟ್ಟಿಯಾಗುತ್ತದೆ. ಬಿಟ್ ಯಾವಾಗಲೂ ಅಗಲವಾದ ಜಾಗದಿಂದ ಕಿರಿದಾದ ಕಡೆಗೆ ಹೋಗಬೇಕು, ಅಂದರೆ ಉಬ್ಬಿನಿಂದ ನಡುವಿಗೆ, ಉಬ್ಬಿನಿಂದ ಬಾಲಕ್ಕೆ ಅಥವಾ ಕತ್ತಿಗೆ. ಹೀಗೆ ಸುತ್ತ ಎಂಟು ತುಂಡಾಗುತ್ತದೆ. ಅವುಗಳಲ್ಲಿ ನಾಲ್ಕರಲ್ಲಿ ಬಿಟ್ ತಾನೇ ಮುಂದಕ್ಕೆ ಎಳೆಯುತ್ತದೆ. ಅಲ್ಲಿ ಬಾಡಿಯನ್ನು ಗಟ್ಟಿಯಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಈ ಜಿಗ್‌ನಲ್ಲಿ ಓಡಾಡೋದು ರೌಟರ್ ಅಲ್ಲ, ಗಿಟಾರ್. ದಿಕ್ಕು ತಲೆಯಲ್ಲಿ ತಿರುಗುಮುರುಗಾಗುತ್ತದೆ. ಅದಕ್ಕೇ ನಾನು ಟೇಪ್ ಅಂಟಿಸಿ ಅದರ ಮೇಲೆ ಬಾಣ, ಸಂಖ್ಯೆ ಬರೆದುಕೊಳ್ಳುತ್ತೇನೆ.

ಕೊನೆಗೆ ಎತ್ತರ ಬದಲಿಸದೆ ಇನ್ನೊಂದು ಪೂರ್ತಿ ಸುತ್ತು. ಪಾದದ ಕೆಳಗೆ ಹೊಟ್ಟು ಸಿಕ್ಕಿ ಎಲ್ಲಾದರೂ ಮೇಲೆದ್ದಿದ್ದರೆ ಈ ಸುತ್ತಿನಲ್ಲಿ ಸರಿಹೋಗುತ್ತದೆ. ಬೈಂಡಿಂಗ್ ಅಂಟಿಸುವ ಮೊದಲು ಆ ಪಟ್ಟಿಯ ಒಳಮೂಲೆಯನ್ನು ಸ್ಕ್ರೇಪರ್‌ನಿಂದ ಒಮ್ಮೆ ಕೆರೆದುಕೊಳ್ಳಿ. ಮೂಲೆಯಲ್ಲಿ ಅಂಟಿಗೆ ಜಾಗ ಇಲ್ಲದಿದ್ದರೆ ಕಚ್ಚು ಎಷ್ಟು ಚೆನ್ನಾಗಿ ಬಂದಿದ್ದರೂ ಪಟ್ಟಿ ಪೂರ್ತಿ ಕೂರೋದಿಲ್ಲ.