ಹ್ಯಾಮ್‌ಸ್ಟರ್ ಸಾಕುವವರು ಮೊದಲು ಪಂಜರದ ಆಳ ನೋಡಿ

ಅಂಗಡಿಯವರು ಹ್ಯಾಮ್‌ಸ್ಟರ್ ಜೊತೆಗೆ ದಾಟಿಸುವ ಎರಡು ಮಹಡಿಯ ಬಣ್ಣಬಣ್ಣದ ಪಂಜರವನ್ನು ಕೊಳ್ಳಬೇಡಿ. ಅದರ ತಳದ ತಟ್ಟೆ ನಾಲ್ಕು ಬೆರಳು ಆಳವೂ ಇರುವುದಿಲ್ಲ. ಹ್ಯಾಮ್‌ಸ್ಟರ್ ಬಿಲ ತೋಡುವ ಪ್ರಾಣಿ. ಕಣ್ಣು ಮಂದ, ಎತ್ತರದ ಅಂದಾಜಿಲ್ಲ. ಮೇಲಿನಿಂದ ಬಿದ್ದು ಕಾಲು ಮುರಿದುಕೊಳ್ಳುತ್ತದೆ, ಬೇಸರಕ್ಕೆ ಕಂಬಿ ಕಚ್ಚಿ ಕಚ್ಚಿ ಮೂಗು ಸವೆಸಿಕೊಳ್ಳುತ್ತದೆ.

ಸಿರಿಯನ್ ಎಂಬ ದೊಡ್ಡ ಜಾತಿಯ ಹ್ಯಾಮ್‌ಸ್ಟರ್‌ಗೆ 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಜಾಗ ಕೊಡಿ. ಹಳೆಯ ಮೀನಿನ ತೊಟ್ಟಿ ಸಿಕ್ಕರೆ ಒಳ್ಳೆಯದು (ಸೋರಿದರೂ ನಮಗೇನು!), ಮೇಲೆ ಜಾಲರಿ ಮುಚ್ಚಳ ಹಾಕಿದರಾಯಿತು. ಒಳಗೆ ಕಾಗದದ ಹಾಸು ಮತ್ತು ಒಣಹುಲ್ಲನ್ನು ಪದರ ಪದರವಾಗಿ ಹಾಕಿ, ಅಂಗೈಯಲ್ಲಿ ಒತ್ತುತ್ತಾ 20ರಿಂದ 25 ಸೆಂ.ಮೀ. ತುಂಬಿ. ಒತ್ತದಿದ್ದರೆ ಸುರಂಗ ನಿಲ್ಲುವುದಿಲ್ಲ. ಚಕ್ರ, ಮರಳಿನ ಬಟ್ಟಲಿನಂಥ ಭಾರದ ಸಾಮಾನನ್ನು ಹಾಸಿನ ಮೇಲೆ ಇಡಬಾರದು. ಅದರಡಿ ತೋಡುವಾಗ ಕುಸಿದು ಪ್ರಾಣಿ ಸಿಕ್ಕಿಬೀಳುತ್ತದೆ. ತಳದಿಂದಲೇ ಮರದ ಕಾಲು ಕೊಟ್ಟು ನಿಲ್ಲಿಸಿ.

ಬಡಗಿ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆ, ಆದರೆ ಬೇಡ. ಸಣ್ಣ ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ, ಪ್ಲೈವುಡ್‌ನ ಅಂಟೂ ಸೇರಿರುತ್ತದೆ. ಹತ್ತಿಯಂತೂ ಬೇಡವೇ ಬೇಡ, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಹೊಟ್ಟೆಗೆ ಹೋದರೆ ಕರುಳು ಕಟ್ಟುತ್ತದೆ. ಗೂಡಿಗೆ ಪರಿಮಳವಿಲ್ಲದ ಬಿಳಿ ಟಿಶ್ಯೂ ಹರಿದು ಹಾಕಿ.

ಚಕ್ರದ ವ್ಯಾಸ 28 ಸೆಂ.ಮೀ. ಇರಲಿ, ಓಡುವ ಜಾಗ ಕಂಬಿಯದ್ದಲ್ಲ, ಗಟ್ಟಿ ಪಟ್ಟಿಯದ್ದಾಗಿರಲಿ. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿದರೆ ಚಕ್ರ ಚಿಕ್ಕದು ಎಂದರ್ಥ. ಒಂದು ಪಂಜರಕ್ಕೆ ಒಂದೇ ಹ್ಯಾಮ್‌ಸ್ಟರ್. ಒಡಹುಟ್ಟಿದವೂ ಬೆಳೆದ ಮೇಲೆ ಸಾಯುವ ತನಕ ಕಾದಾಡುತ್ತವೆ.

ದಿನಕ್ಕೆ ಸುಮಾರು 10 ಗ್ರಾಂ ಕಾಳು ಸಾಕು: ನವಣೆ, ಸಜ್ಜೆ, ಜೋಳ, ಓಟ್ಸ್. ಸೂರ್ಯಕಾಂತಿ ಬೀಜ ಎರಡು ಮೂರು ಮಾತ್ರ, ಕೊಬ್ಬು ಜಾಸ್ತಿ. ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆಯ ಬಿಳಿ ಭಾಗದ ಚೂರು. ಈರುಳ್ಳಿ, ಬೆಳ್ಳುಳ್ಳಿ, ಕಿತ್ತಳೆ, ಚಾಕೊಲೇಟ್ ಕೊಡಬಾರದು. ಕೆನ್ನೆಚೀಲದಲ್ಲಿ ಹೊತ್ತೊಯ್ದು ಬಚ್ಚಿಟ್ಟ ಒಣ ಕಾಳನ್ನು ಮುಟ್ಟಬೇಡಿ, ಸೌತೆ ಹೋಳನ್ನು ಮಾತ್ರ ಬೆಳಗ್ಗೆ ತೆಗೆಯಿರಿ. ಇಲ್ಲದಿದ್ದರೆ ಇರುವೆ ಬರುತ್ತವೆ. ಇರುವೆ ಸೀಮೆಸುಣ್ಣ ವಿಷ, ಪಂಜರದ ಹತ್ತಿರ ಎಳೆಯಬೇಡಿ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಸಾಕು.

ನಮ್ಮ ಕಡೆ ದೊಡ್ಡ ಶತ್ರು ಬೇಸಿಗೆ. 20ರಿಂದ 24 ಡಿಗ್ರಿ ಹಿತ, 30 ದಾಟಿದರೆ ಅಪಾಯ. ಹ್ಯಾಮ್‌ಸ್ಟರ್‌ಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ, ಫ್ಯಾನ್ ಗಾಳಿಯಿಂದ ಹೆಚ್ಚು ಪ್ರಯೋಜನವಿಲ್ಲ. ಫ್ರಿಜ್‌ನಲ್ಲಿ ತಣಿಸಿದ ಟೈಲ್ಸ್ ತುಂಡನ್ನು ಒಂದು ಮೂಲೆಯಲ್ಲಿಡಿ. ಚಪ್ಪಟೆಯಾಗಿ ಬಿದ್ದು ಜೊಲ್ಲು ಸುರಿಸಿದರೆ ತಂಪು ಕೋಣೆಗೆ ಒಯ್ಯಿರಿ, ಐಸ್ ನೀರಿಗೆ ಹಾಕಬೇಡಿ. ಕಲಬುರಗಿ, ರಾಯಚೂರಿನಲ್ಲಿ ಏಸಿ ಇಲ್ಲದ ಮನೆಯವರು ತರದಿರುವುದೇ ವಾಸಿ.

ಬಾಲದ ಬುಡ ಒದ್ದೆಯಾಗಿ ನಾರಿದರೆ ಭೇದಿ ಶುರುವಾಗಿದೆ ಎಂದರ್ಥ. ಎರಡೇ ದಿನದಲ್ಲಿ ಜೀವ ಹೋಗಬಹುದು, ಅಂದೇ ವೈದ್ಯರಿಗೆ ತೋರಿಸಿ. ಎಲ್ಲ ಪಶುವೈದ್ಯರೂ ಇದನ್ನು ನೋಡುವುದಿಲ್ಲ, ಆದ್ದರಿಂದ ತರುವ ಮೊದಲೇ ಒಬ್ಬರನ್ನು ವಿಚಾರಿಸಿಟ್ಟುಕೊಳ್ಳಿ. ನಾಯಿಗೆಂದು ತಂದು ಉಳಿದ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಔಷಧ ಹಾಕಬೇಡಿ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಹ್ಯಾಮ್‌ಸ್ಟರ್‌ನ ಪ್ರಾಣವನ್ನೇ ತೆಗೆಯುತ್ತದೆ.