ತಾರಿ ತಪ್ಪಿದ ದಿನಗಳು

ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿ ಬಹಳ ಇತ್ತು. ಎಲ್ಲ ತಪ್ಪೂ ನನ್ನದಲ್ಲ. ಅರ್ಧ ಪಾಲು ಅಘನಾಶಿನಿ ಹೊಳೆಯದು.

ಕುಮಟಾ ತಾಲೂಕಿನ ಐಗಳಕುರ್ವೆ ನನ್ನೂರು. ಸುತ್ತ ಹೊಳೆ, ನಡುವೆ ನಾವು. ಹೊಳೆ ದಾಟಿಸುವ ತಾರಿ ದೋಣಿ ಹತ್ತದೆ ಶಾಲೆಯಿಲ್ಲ. ಭರತ, ಅಂದರೆ ಉಬ್ಬರ, ಇದ್ದರೆ ದೋಣಿ ದಡಕ್ಕೇ ಬರುತ್ತಿತ್ತು. ಇಳಿತದಲ್ಲಿ ಕೆಸರಿಗೆ ಕೂತುಬಿಡುತ್ತಿತ್ತು. ಆಗ ಪಾಟಿಚೀಲ ತಲೆ ಮೇಲಿಟ್ಟು ಮೊಣಕಾಲುದ್ದ ಕೆಸರು ತುಳಿಯಬೇಕು. ಚಿಪ್ಪು ತಾಗಿ ಅಂಗಾಲು ಸೀಳಿದರೆ ಗಾಯಕ್ಕಿಂತ ಉಪ್ಪುನೀರಿನ ಉರಿಯೇ ಜಾಸ್ತಿ.

ಶಾಲೆಯ ಗಂಟೆ ದಿನಾ ಹತ್ತಕ್ಕೆ. ಹೊಳೆಯ ಭರತದ್ದು ಹಾಗಲ್ಲ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಈ ವಾರ ಸರಿ ಇದ್ದದ್ದು ಮುಂದಿನ ವಾರ ಕೈಕೊಡುತ್ತಿತ್ತು. ಒಬ್ಬ ಮಾಸ್ತರರು ಇದನ್ನು ನೆಪ ಅಂದುಕೊಂಡು ಬೆಂಚಿನ ಮೇಲೆ ನಿಲ್ಲಿಸಿದರು. ಗಣಿತದ ಮಾಸ್ತರರು ಮಾತ್ರ, "ಹಾಗಾದ್ರೆ ನಾಳೆ ಹೊಳೆ ಎಷ್ಟೊತ್ತಿಗೆ ಏರ್ತದೋ?" ಎಂದು ಕೇಳಿದರು. ಚಂದ್ರನ ತಿಥಿ ಹಿಡಿದು ಅಪ್ಪ ಭರತ ಹೇಳುವ ಲೆಕ್ಕ ಬಾಯಿಪಾಠವಿತ್ತು, ಹೇಳಿದೆ. ಅಂದಿನಿಂದ ಬೋರ್ಡಿನ ಮೂಲೆಯಲ್ಲಿ ನಾಳಿನ ಭರತದ ಹೊತ್ತು ಬರೆಯುವ ಕೆಲಸ ನನಗೇ ಬಂತು.

ಹೊಳೆದಂಡೆಯ ಉಪ್ಪುನೆಲದ ಗಜನಿ ಗದ್ದೆಯ ಕಗ್ಗ ಭತ್ತದ ಬಗ್ಗೆ ಹೇಳದಿದ್ದರೆ ಅಪ್ಪ ಬೈದಾನು. ಮೊಳಕೆ ಬರಿಸಿದ ಬೀಜ ಮಳೆಗಾಲದ ಮೊದಲಿಗೆ ಬಿತ್ತಿದರೆ ಮುಗಿಯಿತು, ಗೊಬ್ಬರವಿಲ್ಲ, ಔಷಧಿಯಿಲ್ಲ. ಉಪ್ಪುನೀರು ನುಗ್ಗಿದರೂ ಸಾಯದ ಭತ್ತ ಅದು. ಕೊಯ್ಲಿಗೆ ನೀರಲ್ಲೇ ಇಳಿದು ಬರೀ ತೆನೆ ಕತ್ತರಿಸುತ್ತಿದ್ದೆವು. ಉಳಿದ ಹುಲ್ಲು ಅಲ್ಲೇ ಕೊಳೆತು ಶೆಟ್ಲಿಗೆ, ಅಂದರೆ ಸಿಗಡಿಗೆ, ಮೇವಾಗುತ್ತಿತ್ತು. ಆಮೇಲಿನ ರಾತ್ರಿಗಳದೇ ಚಂದ. ಇಳಿತ ಶುರುವಾದೊಡನೆ ಅಪ್ಪ ಗದ್ದೆಯ ನೀರು ತಡೆಯುವ ಜಂತ್ರಡಿಯ ಹಲಗೆ ಎತ್ತಿ ಬಾಯಿಗೆ ಬಲೆ ಕಟ್ಟುತ್ತಿದ್ದ, ಕಂದೀಲು ನನ್ನ ಕೈಲಿ. ಬೆಳಕು ಬಿದ್ದರೆ ಬಲೆ ತುಂಬ ಕೆಂಪು ಕೆಂಡದ ಚುಕ್ಕೆಗಳು: ಶೆಟ್ಲಿಯ ಕಣ್ಣುಗಳು. ಮರುದಿನ ಇತಿಹಾಸದ ಪಿರಿಯಡ್ಡಿನಲ್ಲಿ ನನಗೆ ನಿದ್ದೆ.

2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಓದಿದೆ, 4801 ಹೆಕ್ಟೇರ್ ಅಂತೆ. ನಮಗೆ ಅದು ಬರೀ 'ಹೊಳೆ'.

ಒಂದು ವರ್ಷ ಆಯಿ ಗಣಿತದ ಮಾಸ್ತರರಿಗೆ ನಾಲ್ಕು ಸಿದ್ದೆ ಕಗ್ಗದ ಅಕ್ಕಿ ಕೊಟ್ಟು ಕಳಿಸಿದಳು. ಎರಡು ದಿನ ಬಿಟ್ಟು ಮಾಸ್ತರರು ಕರೆದು, ಆ ಕೆಂಪಕ್ಕಿ ಬೇಯಿಸುವಷ್ಟರಲ್ಲಿ ಮನೆಯ ಕಟ್ಟಿಗೆಯೆಲ್ಲ ಖಾಲಿಯಾಯಿತೆಂದು ಅಕ್ಕೋರು, ಅವರ ಹೆಂಡತಿ, ಸಿಟ್ಟಾಗಿದ್ದಾರೆ ಎಂದರು. ನಾನು ತಲೆ ತಗ್ಗಿಸಿದೆ.

"ಗಂಜಿ ಮಾತ್ರ ರುಚಿಯೋ," ಅಂದರು. "ಮುಂದಿನ ವರ್ಷ ಕಟ್ಟಿಗೆಯನ್ನೂ ತಾ."