ಎಷ್ಟು ಬೇಗ ಒತ್ತುತ್ತೀರಿ?

ಗದಗಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಗೋಡೆಯ ಮೇಲೆ ದೊಡ್ಡದೊಂದು ಮಿಂಚಿನ ಫೋಟೋ ಹಾಕಿದ್ದೇನೆ. ಕಪ್ಪತಗುಡ್ಡದ ಗಾಳಿಯಂತ್ರಗಳು ಹಿಂದೆ ಕಾಣುತ್ತವೆ. ಮುಂದೆ ಎರೆಹೊಲ. ಮೋಡದಿಂದ ಹೊಲದವರೆಗೆ ಬೇರು ಇಳಿದ ಹಾಗೆ ಬೆಳಕು ಇಳಿದಿದೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು, ಮದುವೆ ಆಲ್ಬಮ್ ಒಯ್ಯಲು ಬಂದವರು, ಎದುರಿನ ಅಂಗಡಿಯಿಂದ ಚಹಾ ತರುವ ಹುಡುಗ, ಎಲ್ಲರೂ ಅದನ್ನು ನೋಡಿ ಕೇಳುವುದು ಒಂದೇ.

“ಅಲ್ರೀ, ಅಷ್ಟ ಲಗೂ ಹೆಂಗ ಒತ್ತತೀರಿ?”

ಎಷ್ಟೋ ವರ್ಷದಿಂದ ಉತ್ತರ ಹೇಳುತ್ತಿದ್ದೇನೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಬೇಗ ಒತ್ತುವುದಿಲ್ಲ. ಮಿಂಚು ಕಂಡಮೇಲೆ ಒತ್ತುವುದೇ ಇಲ್ಲ. ನಮಗೆ ಒಂದು ಮಿಂಚು ಅಂತ ಕಾಣುವುದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಹರಿದ ಮೂರ್ನಾಲ್ಕು ಹೊಡೆತ. ಮಿಂಚು ಮಿಣಮಿಣ ಅನ್ನುವುದು ಅದಕ್ಕೇ. ಎಲ್ಲ ಸೇರಿದರೂ ಬಹಳ ಸಲ ಅರ್ಧ ಸೆಕೆಂಡ್ ಆಗುವುದಿಲ್ಲ. ಕಣ್ಣು ಕಂಡು, ತಲೆಗೆ ತಿಳಿದು, ಬೆರಳು ಅಲುಗುವುದಕ್ಕೇ ಕಾಲು ಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ಆಕಾಶ ಮತ್ತೆ ಕಪ್ಪಾಗಿರುತ್ತದೆ.

ಒಂದು ಮದುವೆಮನೆಯಲ್ಲಿ ಹುಡುಗಿಯ ಸೋದರಮಾವ ಊಟಕ್ಕೆ ಕೂತಲ್ಲೇ ಎಡಗೈ ಬೆರಳನ್ನು ಗಾಳಿಯಲ್ಲಿ ಟಕಟಕ ಅಂತ ಒತ್ತಿ ತೋರಿಸಿದರು. “ಹಿಂಗ ಅಲ್ರೇನು?” ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅವರು ಹೊಗಳುತ್ತಿದ್ದದ್ದು ನನ್ನಲ್ಲಿ ಇಲ್ಲದ ಗುಣವನ್ನು.

ನಾನು ಮಾಡುವುದು ಬಾಗಿಲು ತೆರೆದಿಟ್ಟು ಕಾಯುವ ಕೆಲಸ. ಕತ್ತಲಾದ ಮೇಲೆ ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸುತ್ತೇನೆ. ಫೋಕಸ್ಸನ್ನು ದೂರದ ದೀಪಕ್ಕೆ ಹೊಂದಿಸಿ, ಮ್ಯಾನುಯಲ್‌ಗೆ ಹಾಕಿ ಬಿಡುತ್ತೇನೆ. ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್ಒ 100, ಲೆನ್ಸಿನ ಕಿಂಡಿಯ ಅಳತೆ ಅಂದರೆ ಅಪರ್ಚರ್ 8, ಬೆಳಕನ್ನು ಒಳಬಿಡುವ ಬಾಗಿಲು ಅಂದರೆ ಶಟರ್ 20 ಸೆಕೆಂಡ್. ಕೇಬಲ್ಲಿನ ಗುಂಡಿ ಲಾಕ್ ಮಾಡಿದರೆ ಒಂದರ ಹಿಂದೆ ಒಂದು ಫೋಟೋ ತೆಗೆದುಕೊಳ್ಳುತ್ತಲೇ ಇರುತ್ತದೆ. ಆ 20 ಸೆಕೆಂಡಿನ ಒಳಗೆ ಮಿಂಚು ಬಂದರೆ ತಾನೇ ಬಂದು ಕೂರುತ್ತದೆ. ಬರದಿದ್ದರೆ ಕಪ್ಪು ಫೋಟೋ. ಹೋದ ವರ್ಷ ಒಂದೇ ಸಂಜೆ 312 ಫೋಟೋ ಆದವು. ಮಿಂಚು ಇದ್ದದ್ದು ಒಂಬತ್ತರಲ್ಲಿ. ಇಟ್ಟುಕೊಂಡದ್ದು ಎರಡು.

ಕಲಿಯುವವರಿಗೆ ಎರಡು ಮಾತು ಹೇಳಲೇಬೇಕು. ಶಟರನ್ನು ಎಷ್ಟು ಹೊತ್ತು ತೆರೆದಿಟ್ಟರೂ ಮಿಂಚಿನ ಬೆಳಕು ಜಾಸ್ತಿ ಆಗುವುದಿಲ್ಲ. ಅದು ಬಂದಷ್ಟೇ ಬರುತ್ತದೆ. ಜಾಸ್ತಿ ಆಗುವುದು ಊರ ದೀಪ, ಮೋಡದ ಹೊಳಪು. ಮಿಂಚಿನ ಬೆಳಕನ್ನು ಹಿಡಿತದಲ್ಲಿ ಇಡುವುದು ಅಪರ್ಚರ್ ಮತ್ತು ಐಎಸ್ಒ. ಎರಡನೆಯದು, ಬಹಳ ಹೊತ್ತು ತೆರೆದಿಟ್ಟ ಫೋಟೋದಲ್ಲಿ ಏಳುವ ಚುಕ್ಕೆಗಳನ್ನು ಅಳಿಸಲು ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಮೆನುವಿನಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿ. ಆನ್ ಇದ್ದರೆ 20 ಸೆಕೆಂಡಿನ ಫೋಟೋ ಆದಮೇಲೆ ಕ್ಯಾಮೆರಾ ಇನ್ನೂ 20 ಸೆಕೆಂಡ್ ಕಣ್ಣು ಮುಚ್ಚಿ ತನ್ನ ಲೆಕ್ಕ ಮಾಡಿಕೊಳ್ಳುತ್ತದೆ. ನಾನು ಕಂಡ ಅತಿ ಚೆಂದದ ಮಿಂಚು ಆ ಮುಚ್ಚಿದ ಹೊತ್ತಿನಲ್ಲೇ ಹೋಯಿತು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಷ್ಟು ಹೇಳಿದ ಮೇಲೆ ಬರುವ ಮಾತು ಇನ್ನೂ ಕೆಟ್ಟದ್ದು. “ಹಂಗಾರ ಎಲ್ಲಾ ಲಕ್ ಅನ್ರಿ.”

ಲಕ್ ಅಲ್ಲ. ಯಾವ ಸಂಜೆ ಹೊರಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ನಾನು ವರ್ಷಗಟ್ಟಲೆ ಕಲಿತಿದ್ದೇನೆ. ಭರಣಿ ಮಳೆ ಬಂದರೆ ಧರಣಿ ಬದುಕೀತು ಅನ್ನುತ್ತಾರೆ ನಮ್ಮಲ್ಲಿ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗಿನ ಆ ದಿನಗಳು ನನಗೂ ಸುಗ್ಗಿ. ಬೆಳಗಿನಿಂದ ಬೆವರು ಆರದಿದ್ದರೆ, ಮಧ್ಯಾಹ್ನ ಮೂರರ ಹೊತ್ತಿಗೆ ಗುಡ್ಡದ ಮೇಲೆ ಮೋಡ ಹೂಕೋಸಿನ ಹಾಗೆ ಏಳಲು ಶುರುವಾದರೆ, ಸ್ಟುಡಿಯೋ ಬಾಗಿಲು ಹಾಕುತ್ತೇನೆ. ಜೂನ್ ಬಂತೆಂದರೆ ಬರಿ ಮಳೆ, ಮಿಂಚು ಕಡಿಮೆ. ಮತ್ತೆ ಮೋಡ ಗುಡುಗುವುದು ಹಿಂಗಾರಿನಲ್ಲಿ. ಇದನ್ನೆಲ್ಲ ಯಾವ ಸೆಟಿಂಗೂ ಹೇಳಿಕೊಡುವುದಿಲ್ಲ.

ಕಾಯುವ ಈ ಕೆಲಸ ಹಳೆಯದು. 1882ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಜೆನ್ನಿಂಗ್ಸ್ ಎಂಬಾತ ಗಾಜಿನ ಪ್ಲೇಟಿನ ಮೇಲೆ ಮಿಂಚನ್ನು ಹಿಡಿದ. ಅಲ್ಲಿಯವರೆಗೆ ಚಿತ್ರಕಾರರು ಮಿಂಚನ್ನು ಗರಗಸದ ಹಲ್ಲಿನ ಹಾಗೆ ಬಿಡಿಸುತ್ತಿದ್ದರು. ಫೋಟೋದಲ್ಲಿ ಬಂದದ್ದು ಹಳ್ಳ ಕವಲೊಡೆದ ಹಾಗಿತ್ತು. ಎಲ್ಲರೂ ಕಣ್ಣಾರೆ ಕಂಡಿದ್ದ ಮಿಂಚನ್ನು ಯಾರೂ ಸರಿಯಾಗಿ ನೋಡಿರಲಿಲ್ಲ, ಅಲ್ವಾ?

ಗೋಡೆಯ ಮೇಲಿನ ಆ ಫೋಟೋದ ವಿಷಯಕ್ಕೆ ಬರುತ್ತೇನೆ. 2018ರ ಮೇ ತಿಂಗಳು. ಡಂಬಳದ ಆಚೆ ಒಂದು ಬಂಡಿ ಜಾಡಿನ ಮೇಲೆ ಟ್ರೈಪಾಡ್ ಇಟ್ಟಿದ್ದೆ. ಸುತ್ತ ಬೋಳು ಹೊಲ. ಅಲ್ಲಿ ಎಲ್ಲಕ್ಕಿಂತ ಎತ್ತರ ಇದ್ದದ್ದು ನಾನು ಮತ್ತು ನನ್ನ ಟ್ರೈಪಾಡ್. ಮಳೆ ಇನ್ನೂ ಬಂದಿರಲಿಲ್ಲ. ಮಣ್ಣಿನ ವಾಸನೆ ಹೊತ್ತ ಗಾಳಿ ಬಂತು. ಆಕಾಶ ಬಿರಿದ ಹಾಗೆ ಬೆಳಕಾಯಿತು. ಅಭ್ಯಾಸದಂತೆ ಎಣಿಸಿದೆ. ಒಂಬತ್ತಕ್ಕೆ ಗುಡುಗು ಬಂತು. ಎದೆಯೊಳಗೇ ಬಂದ ಹಾಗೆ ಬಂತು. ಸ್ಕ್ರೀನ್ ನೋಡಿದೆ. ಖುಷಿಯಿಂದ ಕೂಗಿದೆ. ಅಲ್ಲೇ ನಿಂತು ಇನ್ನೂ ಹತ್ತು ನಿಮಿಷ ತೆಗೆದೆ.

ಆ ಫೋಟೋಕ್ಕೆ ಸಿಕ್ಕಷ್ಟು ಹೊಗಳಿಕೆ ನನ್ನ ಬೇರೆ ಯಾವ ಫೋಟೋಕ್ಕೂ ಸಿಕ್ಕಿಲ್ಲ. ಯಾವ ಕ್ಯಾಮೆರಾ, ಯಾವ ಲೆನ್ಸ್, ಎಷ್ಟು ಬೆಲೆ ಅಂತ ಎಲ್ಲ ಕೇಳಿದರು. ಒಂದು ವರ್ಷ ಆದಮೇಲೆ, ಪಿಂಚಣಿ ಅರ್ಜಿಗೆ ಫೋಟೋ ಬೇಕೆಂದು ಒಬ್ಬ ಅಜ್ಜಿ ಬಂದರು. ಪ್ರಿಂಟ್ ಆಗುವ ತನಕ ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದರು.

“ಇದು ಎಲ್ಲಿ ಬಿತ್ತೋ ತಮ್ಮಾ?”

ಡಂಬಳದ ಕಡೆ ಅಂದೆ.

“ಹೊಲದಾಗ ಯಾರರ ಇದ್ರೇನು?”

ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಆ ಫೋಟೋ ಗೋಡೆಯ ಮೇಲಿತ್ತು. ದಿನಾ ಅದರ ಕೆಳಗೇ ಕೂರುತ್ತಿದ್ದೆ. ಆ ಬೆಳಕಿನ ತುದಿಯಲ್ಲಿ ಏನಿತ್ತು ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಚಿಕ್ಕವನಿದ್ದಾಗ ಗುಡುಗಿದರೆ ನನ್ನಜ್ಜಿ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಅಂತ ಹೆಸರು ಹೇಳಿಸುತ್ತಿದ್ದಳು. ಗುಡುಗು ನಿಂತಮೇಲೆ ಹೊರಗೆ ಇಣುಕಿ ಅವಳೂ ಇದನ್ನೇ ಕೇಳುತ್ತಿದ್ದಳು. ಎಲ್ಲಿ ಬಿತ್ತೋ ಏನೋ.

ಆ ಭಾನುವಾರ ಬೈಕ್ ತೆಗೆದುಕೊಂಡು ಹೋದೆ. ಬಂಡಿ ಜಾಡಿನ ಅದೇ ಜಾಗ ಸಿಕ್ಕಿತು. ಫೋಟೋದಲ್ಲಿ ಮಿಂಚು ಎಡಗಡೆಯಿಂದ ಎರಡನೇ ಗಾಳಿಯಂತ್ರದ ಪಕ್ಕಕ್ಕೆ ಇಳಿದಿತ್ತು. ಸದ್ದು ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡ್ ಬೇಕು. ಒಂಬತ್ತು ಸೆಕೆಂಡ್ ಅಂದರೆ ಮೂರು ಕಿಲೋಮೀಟರ್. ಆ ನೇರಕ್ಕೆ ದಾರಿ ಹುಡುಕುತ್ತ ಹೋದೆ. ಮೂರನೇ ಹೊಲದ ಬದುವಿನಲ್ಲಿ ಒಂದು ಬೇವಿನ ಗಿಡ ಸಿಕ್ಕಿತು. ನೆತ್ತಿಯಿಂದ ಬುಡದವರೆಗೆ ಒಂದು ಪಟ್ಟಿ ತೊಗಟೆ ಇರಲಿಲ್ಲ. ಸಿಡಿಲು ಹರಿದಾಗ ಗಿಡದೊಳಗಿನ ನೀರು ಒಮ್ಮೆಲೇ ಆವಿಯಾಗಿ ತೊಗಟೆ ಸಿಡಿದುಹೋಗುತ್ತದೆ. ಹೊಲದ ಯಜಮಾನರು ಅಲ್ಲೇ ಇದ್ದರು. ಆ ಸಂಜೆ ಅವರಿಗೆ ಚೆನ್ನಾಗಿ ನೆನಪಿತ್ತು.

“ಹೊಲ ಹಸನು ಮಾಡಾಕ ಆರು ಮಂದಿ ಹೆಣ್ಣಾಳು ಬಂದಿದ್ರು. ಗಾಳಿ ಎದ್ದಕೂಡ್ಲೆ ಕಳಿಸಿಬಿಟ್ಟೆರಿ. ಇಲ್ಲಂದ್ರ ಎಲ್ಲಾರೂ ಈ ಗಿಡದ ಬುಡಕ್ಕ ಬಂದು ನಿಲ್ಲತಿದ್ರು.”

ನನಗೆ ಮಾತು ಹೊರಡಲಿಲ್ಲ. ಆ ಯಜಮಾನರು ಗಾಳಿ ನೋಡಿ ಆರು ಜನರನ್ನು ಮನೆಗೆ ಕಳಿಸಿದ್ದರು. ಅದೇ ಗಾಳಿಗೆ ಮೈಯೊಡ್ಡಿ ನಾನು ಬಯಲಿನಲ್ಲಿ ನಿಂತಿದ್ದೆ. ಗುಡುಗು ಕೇಳಿಸುವಷ್ಟು ಹತ್ತಿರ ಇದ್ದೇವೆಂದರೆ ಸಿಡಿಲು ಬಡಿಯುವಷ್ಟು ಹತ್ತಿರ ಇದ್ದೇವೆ. ಮಳೆ ಬೀಳುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಅದು ಬಂದು ಬೀಳಬಲ್ಲದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಎಷ್ಟೋ ಮಂದಿ ಹೊಲದಲ್ಲಿ ದುಡಿಯುತ್ತಿದ್ದವರು, ಗಿಡದ ಕೆಳಗೆ ನಿಂತವರು, ಕುರಿ ಕಾಯುತ್ತಿದ್ದವರು.

ಅದಕ್ಕೇ ನಾನು ಎಲ್ಲರಿಂದ ಬಯಸುವ ಪ್ರಶ್ನೆ ಬೇರೆ. ಎಷ್ಟು ದೂರ ಇತ್ತು ಅಂತ ಕೇಳಿ. ಯಾವಾಗ ಗಂಟುಮೂಟೆ ಕಟ್ಟುತ್ತೀರಿ ಅಂತ ಕೇಳಿ. ಅದಕ್ಕೆ ಎಷ್ಟು ಸಲ ಬೇಕಾದರೂ ಉತ್ತರ ಹೇಳುತ್ತೇನೆ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟರಲ್ಲಿ ಸದ್ದು ಬಂದರೆ ನನ್ನ ಕೆಲಸ ಮುಗಿಯಿತು. ಕಾರಿನೊಳಗೆ ಕೂತು ಗಾಜು ಏರಿಸುತ್ತೇನೆ. ಟೈರು ರಬ್ಬರಿನದು ಅಂತಲ್ಲ. ಸುತ್ತಲಿನ ಲೋಹದ ಮೈ ಕರೆಂಟನ್ನು ಹೊರಗಿಂದಲೇ ನೆಲಕ್ಕೆ ಇಳಿಸುತ್ತದೆ ಅಂತ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಹೊರಗೆ ಕಾಲಿಡುವುದಿಲ್ಲ. ಟ್ರೈಪಾಡ್ ಅಲ್ಲೇ ನೆನೆದರೆ ನೆನೆಯಲಿ. ಫೋನಿನಲ್ಲಿ ರಾಜ್ಯದ ‘ಸಿಡಿಲು’ ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇದೆ. ಎರಡನ್ನೂ ನೋಡುತ್ತೇನೆ. ಈಗ ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದ ಮೋಡವನ್ನೇ ತೆಗೆಯುತ್ತೇನೆ. ಎರೆ ಸೀಮೆಯಲ್ಲಿ ಅಷ್ಟು ದೂರ ಕಣ್ಣು ಹರಿಯುತ್ತದೆ. ಅಲ್ಲಿಂದ ಮೋಡ ಬುಡದಿಂದ ನೆತ್ತಿಯ ತನಕ ಪೂರ್ತಿ ಕಾಣುತ್ತದೆ. ಫೋಟೋ ಆಗಿನದಕ್ಕಿಂತ ಚೆನ್ನಾಗಿಯೇ ಬರುತ್ತಿದೆ.

ನಿಮ್ಮ ಫೋಟೋ ನೋಡಿ ಹುಡುಗರು ಮೊಬೈಲ್ ಹಿಡಿದು ಮಾಳಿಗೆ ಹತ್ತುತ್ತಾರೆ ಅಂತ ಬೈಯುವವರೂ ಇದ್ದಾರೆ. ಆ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಆ ಫೋಟೋವನ್ನು ಗೋಡೆಯಿಂದ ಇಳಿಸಲು ಮನಸ್ಸಾಗಲಿಲ್ಲ. ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ. ‘ಮೂರು ಕಿಲೋಮೀಟರ್. ನಾನು ಅಲ್ಲಿ ನಿಲ್ಲಬಾರದಿತ್ತು.’

ಹೋದ ತಿಂಗಳು ಅದೇ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಶಾಲೆಗೆ ಫೋಟೋ ಬೇಕಿತ್ತು. ಅವರು ಕೇಳುವ ಮೊದಲೇ ಹೇಳಿದೆ.

“ಬೇವಿನ ಗಿಡಕ್ಕ ಬಿತ್ತಬೇ ಯವ್ವಾ. ಬುಡಕ್ಕ ಯಾರೂ ಇರಲಿಲ್ಲ.”

ಅವರು ಫೋಟೋ ನೋಡಿದರು. “ಗಿಡ ಐತೇನು ಇನ್ನಾ?”

“ಒಂದ ಮಗ್ಗಲ ಒಣಗೈತಿ. ಇನ್ನೊಂದ ಮಗ್ಗಲ ಚಿಗತೈತಿ.”

ಹೂಂ ಅಂದರು. ಮೊಮ್ಮಗನ ಅಂಗಿಯ ಕಾಲರ್ ಸರಿಮಾಡಿ ಸ್ಟೂಲಿನ ಮೇಲೆ ಕೂರಿಸಿದರು.